ಹೊರಗೆ ನೇತಾಡುವ ಬೀಗ ಕಳ್ಳನಿಗೆ ಏನು ಹೇಳುತ್ತದೆ?

ನಮ್ಮ ಮೈಸೂರು ಕಡೆಯ ಮನೆಗಳ್ಳತನದ ಸುದ್ದಿಯಲ್ಲಿ ಬಡಾವಣೆಯ ಹೆಸರು ಬದಲಾಗುತ್ತದೆ. ಉಳಿದದ್ದು ಹೆಚ್ಚುಕಡಿಮೆ ಒಂದೇ. ಮನೆಯವರು ನೆಂಟರ ಮದುವೆಗೋ, ಊರ ಹಬ್ಬಕ್ಕೋ, ಧರ್ಮಸ್ಥಳಕ್ಕೋ ಹೋಗಿದ್ದರು. ಮುಂಬಾಗಿಲ ಬೀಗ ಮೀಟಿ ಕಳ್ಳರು ಒಳಗೆ ನುಗ್ಗಿದರು. ಮಲಗುವ ಕೋಣೆಯ ಬೀರು ಒಡೆದು ಇಷ್ಟು ಗ್ರಾಂ ಚಿನ್ನ, ಇಷ್ಟು ನಗದು ಒಯ್ದರು. ಬೆಳಗ್ಗೆ ಪಕ್ಕದ ಮನೆಯವರು ಬಾಗಿಲು ತೆರೆದಿದ್ದನ್ನು ನೋಡಿ ಫೋನ್ ಮಾಡಿದರು. ಬೆರಳಚ್ಚು ತಜ್ಞರು ಮತ್ತು ಶ್ವಾನದಳ ಬಂದು ಪರಿಶೀಲನೆ ನಡೆಸಿದರು.

ಈ ಸಾಲುಗಳಲ್ಲಿ ಮೂರು ವಿಷಯ ಮತ್ತೆ ಮತ್ತೆ ಬರುತ್ತವೆ. ಮನೆಗೆ ಬೀಗ ಹಾಕಿತ್ತು. ಬಾಗಿಲು ಮೀಟಿದರೆ ಬಿಟ್ಟುಕೊಂಡಿತು. ಚಿನ್ನ ಬೀರುವಿನಲ್ಲೇ ಇತ್ತು. ಆದರೆ ಹೆದರಿಕೆ ಹುಟ್ಟಿದ ಕೂಡಲೇ ನಾವು ಖರ್ಚು ಮಾಡುವುದು ಕ್ಯಾಮೆರಾಕ್ಕೆ. ಕ್ಯಾಮೆರಾ ಈ ಮೂರರಲ್ಲಿ ಯಾವುದನ್ನೂ ಬದಲಿಸುವುದಿಲ್ಲ. ಮನೆ ಖಾಲಿ ಇದೆ ಅನ್ನುವ ಸುಳಿವು ಅಳಿಸುವುದು ಮೊದಲ ಕೆಲಸ. ಬಾಗಿಲು ಬೇಗ ಬಿಟ್ಟುಕೊಡದ ಹಾಗೆ ಮಾಡುವುದು ಎರಡನೆಯದು. ಒಳಗೆ ಬಂದವನಿಗೆ ಸಿಗುವುದನ್ನು ಕಡಿಮೆ ಮಾಡುವುದು ಮೂರನೆಯದು. ಕ್ಯಾಮೆರಾ ಇವೆಲ್ಲ ಆದ ಮೇಲೆ ಬರಲಿ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಈಗಲೇ ಯಾಕೆ ಈ ಮಾತು? ಮೊದಲ ಕಾರಣ ಚಿನ್ನ. 2025ರ ಏಪ್ರಿಲ್‌ನಲ್ಲಿ 10 ಗ್ರಾಂ ಚಿನ್ನದ ಬೆಲೆ ಮೊದಲ ಸಲ 1 ಲಕ್ಷ ರೂಪಾಯಿ ದಾಟಿತು. ಅಮ್ಮನ 40 ಗ್ರಾಂ ಸರ ಮೊದಲೂ ಅದೇ ಸರ. ಆದರೆ ಈಗ ಅದೊಂದೇ 4 ಲಕ್ಷಕ್ಕೂ ಜಾಸ್ತಿ. ಮನೆಯಲ್ಲಿ ಹೊಸದಾಗಿ ಒಂದು ಗ್ರಾಂ ಕೊಳ್ಳದಿದ್ದರೂ ಬೀರುವಿನ ಬೆಲೆ ಏರಿದೆ. ಬೀರು ಮಾತ್ರ ಅದೇ ತೆಳು ತಗಡಿನದು, ಬಾಗಿಲ ಬೀಗವೂ ಮನೆ ಕಟ್ಟಿದಾಗ ಹಾಕಿದ್ದೇ.

ಎರಡನೆಯದು ಮೈಸೂರು ಬೆಳೆದ ರೀತಿ. ಅಗ್ರಹಾರ, ಚಾಮರಾಜ ಮೊಹಲ್ಲಾದಂಥ ಹಳೆಯ ಕೇರಿಗಳಲ್ಲಿ ಮನೆಗಳು ಒತ್ತೊತ್ತಾಗಿವೆ. ಜಗಲಿಯಲ್ಲಿ ಯಾರಾದರೂ ಕೂತಿರುತ್ತಾರೆ. ಹೊಸ ಮುಖ ಕಂಡರೆ "ಯಾರು ಬೇಕಿತ್ತು?" ಎಂದು ಕೇಳುತ್ತಾರೆ. ಆಮೇಲೆ ಊರು ಹೊರಗೆ ಹೊರಗೆ ಚಾಚಿತು. ಬೋಗಾದಿ, ದಟ್ಟಗಳ್ಳಿ, ಹಿನಕಲ್, ಆಲನಹಳ್ಳಿಯ ಕಡೆ, ರಿಂಗ್ ರಸ್ತೆಯ ಆಚೆಗೂ ಬಡಾವಣೆಗಳು ಹುಟ್ಟಿಕೊಂಡವು. ಹೂಡಿಕೆಗೆಂದು ಕೊಂಡ ನಿವೇಶನಗಳು ಎಷ್ಟೋ ವರ್ಷ ಖಾಲಿ ಬಿದ್ದಿರುತ್ತವೆ. ಅಲ್ಲಿ ಆಳೆತ್ತರ ಪಾರ್ಥೇನಿಯಂ. ಒಂದು ಚೆಂದದ ಡೂಪ್ಲೆಕ್ಸ್ ಮನೆ, ಅದರ ಎರಡೂ ಬದಿಗೆ ಗಿಡಗಂಟಿ, ಹಿಂದೆ ಇನ್ನೂ ಕಟ್ಟಡದ ಕೆಲಸ. ಅಂಥ ಮನೆಯ ಹಿತ್ತಿಲ ಬಾಗಿಲನ್ನು ಯಾರು ಮೀಟಿದರೂ ನೋಡುವವರಿಲ್ಲ.

ಇದರ ಜೊತೆಗೆ ಮೈಸೂರಿನ ಮನೆಗಳು ಈಗ ಮೊದಲಿಗಿಂತ ಸುಲಭವಾಗಿ ಖಾಲಿಯಾಗುತ್ತವೆ. ಮಕ್ಕಳು ಬೆಂಗಳೂರಿನಲ್ಲಿ ಕೆಲಸದಲ್ಲಿರುತ್ತಾರೆ, ಅಪ್ಪ ಅಮ್ಮ ಇಲ್ಲಿ. 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ಮೊಮ್ಮಗುವನ್ನು ನೋಡಲು ಹೋಗಿ ಬರುವುದು ಹೆಚ್ಚಾಗಿದೆ. ಶುಕ್ರವಾರ ಸಂಜೆ ಬೀಗ, ಸೋಮವಾರ ವಾಪಸ್. ಹೊರಗೆ ಅದನ್ನು ಗಮನಿಸುವವನಿಗೆ ಎರಡು ಮೂರು ವಾರ ಸಾಕು.

ಖಾಲಿ ಮನೆಯ ಗುರುತುಗಳು

ನಮ್ಮ ಕಡೆಯ ಎಷ್ಟೋ ಮನೆಗಳ ಮುಂಬಾಗಿಲಿಗೆ ಒಳಗೊಂದು ಚಿಲಕ, ಹೊರಗೊಂದು ಕೊಂಡಿ. ಮನೆಯಲ್ಲಿದ್ದರೆ ಚಿಲಕ, ಹೊರಟರೆ ಕೊಂಡಿಗೆ ದಪ್ಪ ಬೀಗ. ಹೊರಗೆ ಬೀಗ ನೇತಾಡುತ್ತಿದ್ದರೆ ಒಳಗೆ ಯಾರೂ ಇಲ್ಲ ಎಂದು ರಸ್ತೆಯಲ್ಲಿ ಹೋಗುವವರಿಗೂ ಗೊತ್ತಾಗುತ್ತದೆ. ಬೀಗ ಎಷ್ಟು ದೊಡ್ಡದೋ ಸುಳಿವೂ ಅಷ್ಟು ದೊಡ್ಡದು. ಗೇಟಿಗೆ ಹೊರಗಿನಿಂದ ಸರಪಳಿ ಸುತ್ತಿ ಬೀಗ ಹಾಕಿದರೂ ಅದೇ ಕತೆ.

ಬಾಗಿಲಿನೊಳಗೇ ಕೂರುವ ಬೀಗದಲ್ಲಿ ಈ ತೊಂದರೆ ಇಲ್ಲ. ಒಳಗಿನಿಂದ ಹಾಕಿದ್ದೋ ಹೊರಗಿನಿಂದ ಹಾಕಿದ್ದೋ ಎಂದು ನೋಡಿದವರಿಗೆ ತಿಳಿಯುವುದಿಲ್ಲ. ಮೊದಲು ಬದಲಿಸಬೇಕಾದದ್ದು ಇದನ್ನೇ. ಗೇಟಿಗೆ ಬೀಗ ಹಾಕಲೇಬೇಕು ಅನಿಸಿದರೆ ಕೈ ಒಳಗೆ ಚಾಚಿ ಒಳಬದಿಗೆ ಹಾಕಿ. ಮನೆಯಲ್ಲಿರುವ ದಿನಗಳಲ್ಲೂ ರಾತ್ರಿ ಹಾಗೇ ಹಾಕಿ. ಆಗ ಇರುವ ದಿನಕ್ಕೂ ಇಲ್ಲದ ದಿನಕ್ಕೂ ವ್ಯತ್ಯಾಸ ಕಾಣುವುದಿಲ್ಲ.

ಎರಡನೆಯ ಗುರುತು ರಂಗೋಲಿ. ಮೈಸೂರು, ಮಂಡ್ಯದ ಬೀದಿಗಳಲ್ಲಿ ಬೆಳಗ್ಗೆ ಮನೆಮುಂದೆ ನೀರು ಹಾಕಿ ಎರಡೆಳೆಯಾದರೂ ಎಳೆಯದ ಮನೆ ಕಡಿಮೆ. ಸಾಲು ಮನೆಗಳ ಮುಂದೆಲ್ಲ ರಂಗೋಲಿ ಇದ್ದು ಒಂದು ಮನೆಯ ಮುಂದೆ ಮಾತ್ರ ಮೂರು ದಿನದ ಎಲೆ, ಧೂಳು ಇದ್ದರೆ ಸಾಕು. ಗೇಟಿಗೆ ಸಿಕ್ಕಿಸಿದ ಪತ್ರಿಕೆ, ಚೀಲದಲ್ಲೇ ಉಳಿದ ಹಾಲಿನ ಪ್ಯಾಕೆಟ್, ಗೇಟಿನ ಸಂದಿಯಲ್ಲಿ ಹಾಗೇ ನಿಂತ ಜಾಹೀರಾತಿನ ಚೀಟಿ, ಇವೂ ಅದನ್ನೇ ಹೇಳುತ್ತವೆ. ಪತ್ರಿಕೆ, ಹಾಲು ನಿಲ್ಲಿಸುವುದು ಎಲ್ಲರಿಗೂ ನೆನಪಾಗುತ್ತದೆ. ಅಂಗಳ ಗುಡಿಸಿ ರಂಗೋಲಿ ಹಾಕಲು ಯಾರಿಗಾದರೂ ಹೇಳಿ ಹೋಗುವುದು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಮನೆಗೆಲಸಕ್ಕೆ ಬರುವವರಿಗೆ "ಆ ನಾಲ್ಕು ದಿನವೂ ಹೊರಗೆ ಗುಡಿಸಿ ಹೋಗಿ" ಎಂದು ಹೇಳಿ, ಆ ದಿನಗಳ ಸಂಬಳ ಹಿಡಿಯದೆ ಕೊಡಿ. ಇಷ್ಟು ಅಗ್ಗದ ಕಾವಲು ಬೇರೆ ಇಲ್ಲ.

ಇನ್ನು ದೀಪ. ಊರಿಗೆ ಹೋಗುವಾಗ ಮುಂದಿನ ಲೈಟ್ ಹಾಕಿ ಹೋಗುವುದು ನಮ್ಮ ಅಭ್ಯಾಸ. ರಾತ್ರಿ ಅದು ಸರಿಯೇ. ಮರುದಿನ ಮಧ್ಯಾಹ್ನ 12 ಗಂಟೆಗೂ ಉರಿಯುತ್ತಿದ್ದರೆ ಮನೆ ಖಾಲಿ ಎಂದು ಬೋರ್ಡ್ ಹಾಕಿದ ಹಾಗೆಯೇ. ಕತ್ತಲಾದಾಗ ತಾನೇ ಹತ್ತಿ ಬೆಳಕಾದಾಗ ಆರುವ ಸೆನ್ಸರ್ ಬಲ್ಬ್ ಎಲೆಕ್ಟ್ರಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಒಳಗಿನ ಒಂದು ಕೋಣೆಯ ದೀಪಕ್ಕೆ ಟೈಮರ್ ಹಾಕಿ ಸಂಜೆ ಏಳಕ್ಕೆ ಹತ್ತಿ ಹತ್ತಕ್ಕೆ ಆರುವ ಹಾಗೆ ಮಾಡಿದರೆ ಇನ್ನೂ ಒಳ್ಳೆಯದು. ಮನೆಯಲ್ಲಿ ಜನ ಇದ್ದರೆ ದೀಪ ಆರುತ್ತದೆ, ಹತ್ತುತ್ತದೆ. ಕಾಣಬೇಕಾದದ್ದು ಆ ಬದಲಾವಣೆ.

ನಮ್ಮ ಕ್ಯಾಲೆಂಡರ್ ಕೂಡ ಸುಳಿವು ಕೊಡುತ್ತದೆ. ವಿಜಯದಶಮಿಯ ದಿನ ಮಧ್ಯಾಹ್ನದಿಂದಲೇ ಜನ ಜಂಬೂಸವಾರಿಗೆ ಜಾಗ ಹಿಡಿಯಲು ಹೋಗುತ್ತಾರೆ. ಕೆಲವರು ಹಾಗೇ ಬನ್ನಿಮಂಟಪದ ಪಂಜಿನ ಕವಾಯತು ಮುಗಿಸಿಕೊಂಡೇ ಬರುತ್ತಾರೆ. ಆಷಾಢ ಶುಕ್ರವಾರಗಳಲ್ಲಿ ಬೆಳಕು ಹರಿಯುವ ಮುಂಚೆಯೇ ಚಾಮುಂಡಿ ಬೆಟ್ಟಕ್ಕೆ ಹೊರಡುತ್ತಾರೆ. ಅಮಾವಾಸ್ಯೆಗೆ ಮಹದೇಶ್ವರ ಬೆಟ್ಟ. ಏಪ್ರಿಲ್, ಮೇನಲ್ಲಿ ಮಕ್ಕಳಿಗೆ ರಜೆ. ಹಬ್ಬಕ್ಕೆ ಹೋಗಬೇಡಿ ಎಂದು ಯಾರೂ ಹೇಳಲಾಗದು. ಮನೆಯಲ್ಲಿ ಒಬ್ಬರು ಉಳಿಯುವುದೋ, ಸರದಿಯ ಮೇಲೆ ಹೋಗುವುದೋ ಆಗುವುದಾದರೆ ಈ ದಿನಗಳಲ್ಲೇ ಆಗಲಿ.

ಮದುವೆ ಇದಕ್ಕಿಂತ ಸೂಕ್ಷ್ಮ. ಲಗ್ನಪತ್ರಿಕೆಯಲ್ಲಿ ಮನೆಯ ವಿಳಾಸ ಇದೆ, ಛತ್ರದ ಹೆಸರು ಇದೆ, ಮುಹೂರ್ತದ ಸಮಯ ಇದೆ. ಹಿಂದಿನ ಸಂಜೆಯ ಆರತಕ್ಷತೆಯಿಂದ ಮರುದಿನ ಊಟದವರೆಗೆ ಮನೆಯವರೆಲ್ಲ ಎಲ್ಲಿರುತ್ತಾರೆ ಎಂದು ಪೂರ್ತಿ ಬರೆದುಕೊಟ್ಟಿರುತ್ತೇವೆ. ಆ ರಾತ್ರಿ ಮನೆಯಲ್ಲಿ ಮಲಗಲು ನಂಬಿಕೆಯ ಒಬ್ಬರನ್ನು ಗೊತ್ತು ಮಾಡುವುದು ಅಡುಗೆಯವರನ್ನು ಗೊತ್ತು ಮಾಡುವಷ್ಟೇ ಮುಖ್ಯ. ಪ್ರವಾಸದ ಫೋಟೊಗಳನ್ನು ಅಲ್ಲಿಂದಲೇ ಹಾಕುವುದೂ ಇದೇ ಸಾಲಿಗೆ ಸೇರುತ್ತದೆ. ವಾಪಸ್ ಬಂದ ಮೇಲೆ ಹಾಕಿದರೆ ಫೋಟೊ ಏನೂ ಹಳಸುವುದಿಲ್ಲ, ಅಲ್ವಾ?

ಬಾಗಿಲು ಸೋಲುವುದು ಎಲ್ಲಿ?

ಕಳ್ಳ ಬೀಗವನ್ನು ಬಿಡಿಸುವ ಕಷ್ಟ ತೆಗೆದುಕೊಳ್ಳುವುದು ಅಪರೂಪ. ಅವನ ಕೈಯಲ್ಲಿರುವುದು ಕಬ್ಬಿಣದ ರಾಡು. ಬಾಗಿಲಿಗೂ ಚೌಕಟ್ಟಿಗೂ ನಡುವಿನ ಸಂದಿಗೆ ಅದನ್ನು ತೂರಿಸಿ ಮೀಟುತ್ತಾನೆ. ಆಗ ಮೊದಲು ಕಿತ್ತುಬರುವುದು ಬೀಗದ ನಾಲಿಗೆ ಹೋಗಿ ಕೂರುವ ಜಾಗ. ಚೌಕಟ್ಟಿನಲ್ಲಿ ಅಲ್ಲಿ ಒಂದು ತೆಳು ತಗಡಿನ ಪಟ್ಟಿ ಇರುತ್ತದೆ, ಅದನ್ನು ಹಿಡಿದಿರುವುದು ಎರಡು ಪುಟ್ಟ ಸ್ಕ್ರೂ. ಐದು ಸಾವಿರದ ಬೀಗ ಹಾಕಿ ಅರ್ಧ ಇಂಚಿನ ಸ್ಕ್ರೂಗೆ ಅದನ್ನು ಒಪ್ಪಿಸಿದರೆ ಬಾಗಿಲ ಬಲ ಆ ಸ್ಕ್ರೂವಿನಷ್ಟೇ.

ಹೊರಗಿನ ಕೊಂಡಿ, ಬೀಗದ ಕತೆಯೂ ಇದೇ. ಬೀಗ ಗಟ್ಟಿಯಿದ್ದರೂ ಕೊಂಡಿ ಬಾಗುತ್ತದೆ, ಇಲ್ಲವೇ ಅದನ್ನು ಮರಕ್ಕೆ ಹಿಡಿದ ಸ್ಕ್ರೂ ಕಿತ್ತು ಬರುತ್ತದೆ. ಬೀಗ ಮುರಿದರು ಎಂದು ನಾವು ಹೇಳುವ ಎಷ್ಟೋ ಕಡೆ ಬೀಗ ಮುಚ್ಚಿದ ಹಾಗೇ ನೆಲದಲ್ಲಿ ಬಿದ್ದಿರುತ್ತದೆ, ಕೊಂಡಿಯ ಸಮೇತ.

ಹಾಗಾಗಿ ಬೀಗ ಕೊಳ್ಳುವ ಮೊದಲು ಬಡಗಿಯನ್ನು ಕರೆಸಿ. ಚೌಕಟ್ಟಿನ ತಗಡು ಪಟ್ಟಿ ತೆಗೆಸಿ ದಪ್ಪ ಉಕ್ಕಿನ ಪಟ್ಟಿ ಹಾಕಿಸಿ. ಸ್ಕ್ರೂ ಮರವನ್ನು ದಾಟಿ ಹಿಂದಿನ ಗೋಡೆಯ ತನಕ ಕಚ್ಚಿಕೊಳ್ಳುವಷ್ಟು ಉದ್ದ ಇರಲಿ. ಬೀಗ ಒಂದೇ ಕಡೆ ಇದ್ದರೆ ಬಾಗಿಲ ಮೇಲಿನ ಮೂಲೆ, ಕೆಳಗಿನ ಮೂಲೆ ಎರಡೂ ಬಾಗುತ್ತವೆ, ರಾಡಿಗೆ ಜಾಗ ಸಿಗುತ್ತದೆ. ಮೇಲೆ ಒಂದು, ಸೊಂಟದ ಎತ್ತರಕ್ಕೆ ಒಂದು ಎಂದು ಎರಡು ಕಡೆ ಬೀಗ ಇದ್ದರೆ ಮೀಟುವುದು ಬಹಳ ಕಷ್ಟವಾಗುತ್ತದೆ. ಎರಡು ಹಲಗೆಯ ಹಳೆಯ ಬಾಗಿಲುಗಳಲ್ಲಿ ಒಂದು ಹಲಗೆಯನ್ನು ಮೇಲೂ ಕೆಳಗೂ ಬೋಲ್ಟ್ ಹಾಕಿ ಭದ್ರ ಮಾಡದಿದ್ದರೆ ನಡುವಿನ ಬೀಗ ಎಷ್ಟು ಗಟ್ಟಿಯಾದರೂ ಉಪಯೋಗವಿಲ್ಲ. ಇನ್ನು ಬಾಗಿಲು ಹೊರಕ್ಕೆ ತೆರೆಯುವಂಥದ್ದಾದರೆ ಕೀಲುಗಳು ಹೊರಗೆ ಕಾಣುತ್ತವೆ. ಅವುಗಳ ಪಿನ್ ಹೊರಗೆ ಬಾರದ ಹಾಗೆ ವೆಲ್ಡ್ ಮಾಡಿಸಬಹುದು.

ಮರದ ಬಾಗಿಲ ಮುಂದೆ ಕಬ್ಬಿಣದ ಗ್ರಿಲ್ ಬಾಗಿಲು ಹಾಕಿಸುವುದು ಈಗ ಮೈಸೂರಿನಲ್ಲಿ ಸಾಮಾನ್ಯ. ಒಳ್ಳೆಯ ಖರ್ಚೇ. ಒಂದು ಬಾಗಿಲಿನ ಜಾಗದಲ್ಲಿ ಎರಡಾಗುತ್ತದೆ, ಕಬ್ಬಿಣ ಮೀಟಿದರೆ ಸದ್ದೂ ಆಗುತ್ತದೆ. ಸದ್ದು ಮತ್ತು ಸಮಯ, ಕಳ್ಳನಿಗೆ ಆಗದ ವಸ್ತುಗಳು ಇವೆರಡೇ. ಗ್ರಿಲ್‌ಗೂ ಹೊರಗಿನಿಂದ ನೇತಾಡುವ ಬೀಗ ಹಾಕಿಸಬೇಡಿ. ವೆಲ್ಡಿಂಗ್‌ನವರಿಗೆ ಹೇಳಿದರೆ ಬೀಗದ ಪೆಟ್ಟಿಗೆಯನ್ನು ಒಳಬದಿಗೆ ಕೂರಿಸಿಕೊಡುತ್ತಾರೆ.

ಇಲ್ಲೊಂದು ಎಚ್ಚರಿಕೆ ಹೇಳಲೇಬೇಕು. ಎಲ್ಲ ಕಿಟಕಿಗೂ ಸರಳು, ಎರಡೆರಡು ಬಾಗಿಲು, ಎಲ್ಲದಕ್ಕೂ ಬೀಗ. ರಾತ್ರಿ ಮನೆಯಲ್ಲಿ ಬೆಂಕಿ ಬಿದ್ದರೆ? ವಯಸ್ಸಾದವರು ಹೊಗೆಯಲ್ಲಿ ಬೀಗದ ಕೈ ಹುಡುಕುತ್ತಾ ನಿಲ್ಲುವ ಹಾಗಾಗಬಾರದು. ರಾತ್ರಿ ಬೀಗದ ಕೈ ಎಲ್ಲಿರುತ್ತದೆ ಎಂದು ಮನೆಯ ಪ್ರತಿಯೊಬ್ಬರಿಗೂ ಗೊತ್ತಿರಲಿ, ದಿನವೂ ಅದೇ ಜಾಗದಲ್ಲಿರಲಿ. ಕಿಟಕಿಯಿಂದ ಕೈ ಹಾಕಿದರೆ ಸಿಗದಷ್ಟು ದೂರವೂ ಇರಲಿ. ಮಹಡಿಯ ಒಂದು ಕಿಟಕಿಯ ಗ್ರಿಲ್ ಒಳಗಿನಿಂದ ತೆರೆಯುವ ಹಾಗಿರಬೇಕು.

ಮುಂಬಾಗಿಲಿಗೆ ತೇಗ ಹಾಕಿದವರು ಟೆರೇಸಿನ ಬಾಗಿಲಿಗೆ ತಗಡು ಹಾಕಿ ಪುಟ್ಟ ಬೀಗ ಜಡಿದಿರುತ್ತಾರೆ. ಪಕ್ಕದ ಕಟ್ಟಡದ ಸಾರ್ವೆ ಹತ್ತಿಯೋ, ಪೈಪು ಹಿಡಿದೋ, ಸಜ್ಜಾ ಮೇಲೆ ಕಾಲಿಟ್ಟೋ ಮೇಲೆ ಬಂದವನಿಗೆ ಅಲ್ಲಿ ಯಾರ ಕಣ್ಣೂ ಬೀಳುವುದಿಲ್ಲ. ಎಷ್ಟು ಹೊತ್ತು ಬೇಕಾದರೂ ಕೆಲಸ ಮಾಡಬಹುದು. ಟೆರೇಸಿನ ಬಾಗಿಲು, ಹಿತ್ತಿಲ ಬಾಗಿಲು ಮುಂಬಾಗಿಲಿಗಿಂತ ಗಟ್ಟಿ ಇರಬೇಕು ಅನ್ನುವುದು ಈ ಕಾರಣಕ್ಕೆ. ಜಾರುವ ಕಿಟಕಿಗಳಲ್ಲಿ ಕೆಲವನ್ನು ಹೊರಗಿನಿಂದ ಎತ್ತಿ ತೆಗೆಯಬಹುದು. ಗ್ರಿಲ್ ಅನ್ನು ಹೊರಗಿನಿಂದ ಸ್ಕ್ರೂ ಹಾಕಿ ಕೂರಿಸಿದ್ದರೆ ಸ್ಕ್ರೂಡ್ರೈವರ್ ಒಂದೇ ಸಾಕು. ಏಣಿಯನ್ನು ಹಿತ್ತಿಲಲ್ಲಿ ಗೋಡೆಗೆ ಒರಗಿಸಿಟ್ಟು ಊರಿಗೆ ಹೋಗುವವರೂ ಇದ್ದಾರೆ.

ಮಂಡ್ಯದ ಹಳ್ಳಿಗಳ ಕಡೆ ವಿಷಯ ಬೇರೆ. ಅಲ್ಲಿ ಮನೆ ಖಾಲಿಯಾಗುವುದು ಹಗಲು ಹೊತ್ತು. ನಾಟಿ, ಕಬ್ಬು ಕಟಾವಿನ ಕಾಲದಲ್ಲಿ ಮನೆಮಂದಿಯೆಲ್ಲ ಗದ್ದೆಯಲ್ಲಿರುತ್ತಾರೆ. ಸ್ಕೂಲಿಂದ ಬರುವ ಮಗುವಿಗೆ ಸಿಗಲಿ ಎಂದು ಬೀಗದ ಕೈಯನ್ನು ಸಜ್ಜಾದ ಮೇಲೋ, ಕಿಟಕಿಯ ಸಂದಿಯಲ್ಲೋ, ತುಳಸಿಕಟ್ಟೆಯ ಗೂಡಿನಲ್ಲೋ ಇಟ್ಟಿರುತ್ತಾರೆ. ಊರಿಗೆಲ್ಲ ಗೊತ್ತಿರುವ ಜಾಗಗಳು ಇವು. ಎದುರು ಮನೆಯ ದೊಡ್ಡಮ್ಮನ ಕೈಗೆ ಕೊಟ್ಟು ಹೋಗುವ ಹಳೆಯ ಪದ್ಧತಿ ಇದಕ್ಕಿಂತ ಎಷ್ಟೋ ವಾಸಿ. ಅಡಗಿಸಿಟ್ಟ ಕೀಯಿಂದ ಬಾಗಿಲು ತೆಗೆದರೆ ಇನ್ನೊಂದು ನಷ್ಟವೂ ಇದೆ, ವಿಮೆಯ ಮಾತು ಬಂದಾಗ ಅದನ್ನು ಹೇಳುತ್ತೇನೆ.

ಕ್ಯಾಮೆರಾದ ಜಾಗ

ಕ್ಯಾಮೆರಾ ಬೇಡ ಅನ್ನುತ್ತಿಲ್ಲ. ತನಿಖೆಗೆ ಅದು ನಿಜವಾಗಿ ನೆರವಾಗುತ್ತದೆ. ಕಳ್ಳ ಯಾವ ದಿಕ್ಕಿನಿಂದ ಬಂದ, ಯಾವ ಬೈಕಿನಲ್ಲಿ ಬಂದ ಎಂದು ಪೊಲೀಸರು ರಸ್ತೆಯ ಉದ್ದಕ್ಕೂ ಮನೆ ಮನೆಯ ದೃಶ್ಯ ಸೇರಿಸಿ ನೋಡುತ್ತಾರೆ. ಅಂದರೆ ನಿಮ್ಮ ಕ್ಯಾಮೆರಾ ನಿಮ್ಮ ಮನೆಗಿಂತ ನಾಲ್ಕು ಮನೆ ಆಚೆಯವರಿಗೆ ಉಪಯೋಗಕ್ಕೆ ಬರಬಹುದು. ರಸ್ತೆಯ ಎಲ್ಲರೂ ಮಾತಾಡಿಕೊಂಡು ಬೀದಿಯ ಎರಡೂ ತುದಿ ಕಾಣುವ ಹಾಗೆ ಕ್ಯಾಮೆರಾ ಹಾಕಿಸಿದರೆ, ಒಬ್ಬೊಬ್ಬರೇ ತಮ್ಮ ಪೋರ್ಟಿಕೋಕ್ಕೆ ನಾಲ್ಕು ಹಾಕಿಸುವುದಕ್ಕಿಂತ ಪ್ರಯೋಜನ ಜಾಸ್ತಿ.

ಆದರೆ ಮುಖ ಮುಚ್ಚಿ, ಟೋಪಿ ಹಾಕಿ ಬಂದವನನ್ನು ಅದು ನೋಡುತ್ತದೆ ಅಷ್ಟೇ, ತಡೆಯುವುದಿಲ್ಲ. ಹೊರಗಿನ ಮೀಟರ್ ಬೋರ್ಡಿನಲ್ಲಿ ಮೈನ್ ಸ್ವಿಚ್ ಇಳಿಸಿದರೆ ಕ್ಯಾಮೆರಾ, ವೈಫೈ ಎರಡೂ ಸತ್ತವು. ಹೋಗುವಾಗ ಟಿವಿಯ ಪಕ್ಕದಲ್ಲಿರುವ, ದೃಶ್ಯ ದಾಖಲಾಗುವ ಡಿವಿಆರ್ ಪೆಟ್ಟಿಗೆಯನ್ನೇ ಕಿತ್ತುಕೊಂಡು ಹೋಗುವವರಿದ್ದಾರೆ. ಹಾಗಾಗಿ ಡಿವಿಆರ್ ಸುಲಭಕ್ಕೆ ಕಾಣದ ಕಡೆ ಇರಲಿ, ಅದಕ್ಕೂ ವೈಫೈಗೂ ಯುಪಿಎಸ್ ಇರಲಿ, ದೃಶ್ಯದ ಒಂದು ಪ್ರತಿ ಮನೆಯ ಹೊರಗೆ, ಅಂದರೆ ಕ್ಲೌಡ್‌ನಲ್ಲಿ ಉಳಿಯಲಿ. ಕಂಪನಿಯಿಂದ ಬಂದಾಗ ಇದ್ದ ಪಾಸ್‌ವರ್ಡ್ ಬದಲಿಸದಿದ್ದರೆ ನಿಮ್ಮ ಹಜಾರವನ್ನು ಬೇರೆಯವರು ಕೂತು ನೋಡಬಹುದು. ನನ್ನನ್ನು ಕೇಳಿದರೆ ಅದೇ ದುಡ್ಡಿಗೆ ಬಾಗಿಲು ಅಲುಗಿದ ಕೂಡಲೇ ಜೋರಾಗಿ ಕೂಗುವ ಅಲಾರಂ ವಾಸಿ. ಬೀದಿಯೆಲ್ಲ ಎದ್ದು ಕೂರುವಂಥ ಸದ್ದಿನಲ್ಲಿ ಯಾರೂ ಬೀರು ಒಡೆಯುತ್ತಾ ನಿಲ್ಲುವುದಿಲ್ಲ.

ಬೀರು, ಲಾಕರ್, ವಿಮೆ

ನಮ್ಮ ಮನೆಗಳಲ್ಲಿ ಚಿನ್ನ ಎಲ್ಲಿರುತ್ತದೆ ಎಂದು ಯಾರನ್ನೂ ಕೇಳಬೇಕಿಲ್ಲ. ಮಲಗುವ ಕೋಣೆ, ಕಬ್ಬಿಣದ ಬೀರು, ಸೀರೆಗಳ ಹಿಂದಿನ ಒಳಲಾಕರ್. ಬೀಗದ ಕೈ ಹಾಸಿಗೆಯ ಕೆಳಗೆ ಅಥವಾ ದೇವರ ಮನೆಯಲ್ಲಿ. ಅಕ್ಕಿಡಬ್ಬವೂ ಹೊಸ ಜಾಗವೇನಲ್ಲ.

ಒಡವೆಯಲ್ಲಿ ದಿನ ಹಾಕುವುದನ್ನು ಬಿಟ್ಟು ಉಳಿದದ್ದು ಬ್ಯಾಂಕ್ ಲಾಕರ್‌ನಲ್ಲಿರಬೇಕು. ಕಷ್ಟ ಇರುವುದು ನಡುವಿನ ದಿನಗಳಲ್ಲಿ. ಮದುವೆಗೆಂದು ತೆಗೆದುಕೊಂಡು ಬಂದ ಒಡವೆ ಬೀಗರೂಟ, ಗೃಹಪ್ರವೇಶ, ವರಮಹಾಲಕ್ಷ್ಮಿ ಹಬ್ಬ ಎಂದು ತಿಂಗಳಾನುಗಟ್ಟಲೆ ಮನೆಯಲ್ಲೇ ಉಳಿಯುತ್ತದೆ. ಹಬ್ಬ ಮುಗಿದ ಮೊದಲ ಬ್ಯಾಂಕ್ ದಿನವೇ ವಾಪಸ್ ಇಡುವುದನ್ನು ಮನೆಯಲ್ಲಿ ಒಬ್ಬರ ಜವಾಬ್ದಾರಿ ಮಾಡಿ.

ಲಾಕರ್‌ನಲ್ಲಿಟ್ಟದ್ದಕ್ಕೆ ಪೂರ್ತಿ ಬ್ಯಾಂಕೇ ಹೊಣೆ ಎಂದುಕೊಂಡವರೂ ಬಹಳ. ರಿಸರ್ವ್ ಬ್ಯಾಂಕ್ 2021ರಲ್ಲಿ ತಂದು 2022ರ ಜನವರಿ 1ರಿಂದ ಜಾರಿಗೊಳಿಸಿದ ನಿಯಮದ ಪ್ರಕಾರ, ಬೆಂಕಿ, ಕಳ್ಳತನ, ದರೋಡೆ, ಕಟ್ಟಡ ಕುಸಿತ ಅಥವಾ ಸಿಬ್ಬಂದಿಯ ವಂಚನೆಯಿಂದ ನಷ್ಟವಾದರೆ ಬ್ಯಾಂಕಿನ ಹೊಣೆ ಲಾಕರ್‌ನ ವಾರ್ಷಿಕ ಬಾಡಿಗೆಯ 100 ಪಟ್ಟಿನವರೆಗೆ. ಬಾಡಿಗೆ 3,000 ಇದ್ದರೆ ಹೆಚ್ಚೆಂದರೆ 3 ಲಕ್ಷ. ಇಂದಿನ ಬೆಲೆಯಲ್ಲಿ ಅದು 30 ಗ್ರಾಂ ಚಿನ್ನಕ್ಕೂ ಸಾಲದು. ಹಾಗಂತ ಲಾಕರ್ ಬಿಡುವುದು ತಪ್ಪು. ಮನೆಯ ಬೀರುವಿಗಿಂತ ಅದು ಎಷ್ಟೋ ಭದ್ರ.

ವಿಮೆಯಲ್ಲಿ ಜನ ಮೋಸ ಹೋಗುವುದು ಜಾಸ್ತಿ. ಗೃಹಸಾಲದ ಜೊತೆ ಮನೆ ವಿಮೆ ಮಾಡಿಸಿದ್ದೇವೆ, ಕಳ್ಳತನಕ್ಕೂ ಆಗುತ್ತದೆ ಎಂದು ನಂಬಿರುತ್ತಾರೆ. 2021ರ ಏಪ್ರಿಲ್‌ನಿಂದ ಎಲ್ಲ ಸಾಮಾನ್ಯ ವಿಮಾ ಕಂಪನಿಗಳೂ ಕೊಡುವ "ಭಾರತ್ ಗೃಹ ರಕ್ಷಾ" ಪಾಲಿಸಿ ಮುಖ್ಯವಾಗಿ ಬೆಂಕಿ, ಪ್ರವಾಹ, ಬಿರುಗಾಳಿಯಂಥ ಅನಾಹುತಗಳಿಗೆ. ಅಂಥ ಅನಾಹುತ ನಡೆದ ಏಳು ದಿನದೊಳಗೆ, ಅದರಿಂದಾಗಿಯೇ ಆದ ಕಳ್ಳತನಕ್ಕೆ ಮಾತ್ರ ಅದರಲ್ಲಿ ರಕ್ಷಣೆ. ಊರಿಗೆ ಹೋಗಿದ್ದಾಗ ಬಾಗಿಲು ಮೀಟಿ ನಡೆದ ಕಳ್ಳತನ ಅದರೊಳಗೆ ಬರುವುದಿಲ್ಲ. ಅದಕ್ಕೆ ಕನ್ನಗಳವಿನ ರಕ್ಷಣೆಯನ್ನು ಬೇರೆಯಾಗಿ ಕೇಳಿ ಪಡೆಯಬೇಕು, ಒಡವೆಗೆ ಎಷ್ಟರವರೆಗೆ ಎಂದು ಓದಿ ನೋಡಬೇಕು.

ಕನ್ನಗಳವಿನ ಪಾಲಿಸಿಗಳಲ್ಲೂ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ಬಲವಂತವಾಗಿ ಒಳನುಗ್ಗಿದ ಗುರುತು ಇರಬೇಕು. ಪಾಲಿಸಿಯಲ್ಲಿ ಹಾಗೆ ಬರೆದಿದ್ದರೆ ಅದನ್ನು ಹಾಗೇ ಓದಬೇಕು ಎಂದು ಸುಪ್ರೀಂ ಕೋರ್ಟ್ 2004ರಲ್ಲಿ ಹರ್‌ಚಂದ್ ರಾಯ್ ಚಂದನ್ ಲಾಲ್ ಪ್ರಕರಣದಲ್ಲಿ ಹೇಳಿದೆ. ಕಾನೂನಿನ ಕಣ್ಣಿಗೆ ಅಡಗಿಸಿಟ್ಟ ಕೀಯಿಂದ ಬೀಗ ತೆಗೆದು ಒಳಬಂದು ಕದ್ದರೂ ಮನೆಗೆ ಕನ್ನ ಹಾಕಿದ ಅಪರಾಧವೇ. ವಿಮಾ ಕಂಪನಿಯ ಕಣ್ಣಿಗೆ ಮುರಿದ ಗುರುತೇ ಇಲ್ಲ. ಸಜ್ಜಾದ ಮೇಲಿಟ್ಟ ಕೀಯಿಂದ ಆಗುವ ಇನ್ನೊಂದು ನಷ್ಟ ಇದು.

ಪಕ್ಕದ ಮನೆ, ಪೊಲೀಸ್ ಠಾಣೆ

ಪಕ್ಕದ ಮನೆಯವರಿಗೆ ಹೇಳಿ ಹೋಗುವುದು ಎಂದರೆ ಬರೀ "ನೋಡ್ಕೊಳಿ" ಅಂದು ಹೋಗುವುದಲ್ಲ. ಯಾವತ್ತು ವಾಪಸ್ ಬರುತ್ತೀರಿ, ನಡುವೆ ಯಾರಾದರೂ ಬಂದರೆ ಅದು ನಿಮ್ಮ ಕಡೆಯವರೇನಾ, ನಿಮ್ಮ ಫೋನ್ ಸಿಗದಿದ್ದರೆ ಯಾರಿಗೆ ಮಾಡಬೇಕು, ಇಷ್ಟು ಅವರಿಗೆ ಗೊತ್ತಿರಬೇಕು. ರಾತ್ರಿ ಸದ್ದು ಕೇಳಿಯೂ "ಅವರೇ ಬಂದಿರಬೇಕು" ಎಂದು ಮಗ್ಗುಲು ಬದಲಿಸುವುದಕ್ಕೆ ಈ ಮಾಹಿತಿ ಇಲ್ಲದಿರುವುದೇ ಕಾರಣ.

ಹೆಚ್ಚು ದಿನ ಹೋಗುವುದಾದರೆ ಠಾಣೆಗೂ ತಿಳಿಸಿ. ಪೊಲೀಸರೇ ಕೇಳಿಕೊಳ್ಳುವ ಮಾತು ಇದು, ಆದರೂ ನಮಗೆ ಸಂಕೋಚ. ನಿಮ್ಮ ರಸ್ತೆಯ ಬೀಟ್ ಪೊಲೀಸ್ ಯಾರು ಎಂದು ತಿಳಿದಿರುವುದು ಒಳ್ಳೆಯದು. 2025ರ ಜುಲೈನಲ್ಲಿ ರಾಜ್ಯ ಸರ್ಕಾರ "ಮನೆ ಮನೆಗೆ ಪೊಲೀಸ್" ಎಂಬ ಕಾರ್ಯಕ್ರಮ ಶುರು ಮಾಡಿತು. ಪೊಲೀಸರು ಮನೆಬಾಗಿಲಿಗೆ ಬಂದು ಮಾತಾಡಿಸುವುದೇ ಅದರ ಉದ್ದೇಶ. ಬಂದಾಗ ಬಾಗಿಲಲ್ಲೇ ಮಾತು ಮುಗಿಸದೆ ಬೀದಿದೀಪ ಎಲ್ಲಿ ಕೆಟ್ಟಿದೆ, ಯಾವ ಖಾಲಿ ನಿವೇಶನದಲ್ಲಿ ಗಿಡಗಂಟಿ ಬೆಳೆದಿದೆ ಎಂದು ಹೇಳಿ. ಬೀದಿದೀಪ, ಗಿಡಗಂಟಿ ಪಾಲಿಕೆಯ ಕೆಲಸ, ನಿಜ. ಆದರೆ ಒಬ್ಬರ ಅರ್ಜಿಗಿಂತ ರಸ್ತೆಯವರೆಲ್ಲ ಸೇರಿ ಕೊಟ್ಟ ಅರ್ಜಿಗೆ ಬೆಲೆ ಜಾಸ್ತಿ.

ಕಳ್ಳತನ ಆದ ಮೇಲೆ

ವಾಪಸ್ ಬಂದಾಗ ಬಾಗಿಲು ತೆರೆದಿದ್ದರೆ ಒಳಗೆ ಹೋಗಬೇಡಿ. ಒಳಗೆ ಇನ್ನೂ ಯಾರಾದರೂ ಇರಬಹುದು. ಹೊರಗೇ ನಿಂತು 112ಕ್ಕೆ ಕರೆ ಮಾಡಿ. ಪೊಲೀಸರು ನೋಡುವ ತನಕ ಚೆಲ್ಲಾಪಿಲ್ಲಿಯಾದ ಬಟ್ಟೆ ಎತ್ತಿಡಬೇಡಿ, ಬೀರು ಮುಟ್ಟಬೇಡಿ, ನೆಂಟರಿಷ್ಟರು ಬಂದು ಕೋಣೆ ತುಂಬುವುದನ್ನು ತಡೆಯಿರಿ. ಬೆರಳಚ್ಚು ಸಿಗುವ ಅವಕಾಶ ಇರುವುದು ಆಗ ಮಾತ್ರ.

ಹಳೆಯ ಐಪಿಸಿಯ ಬದಲಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 331ನೇ ಸೆಕ್ಷನ್ ಪ್ರಕಾರ, ಕದಿಯಲೆಂದು ಹಗಲಲ್ಲಿ ಮನೆಗೆ ಕನ್ನ ಹಾಕಿದರೆ 10 ವರ್ಷದವರೆಗೆ, ಸೂರ್ಯ ಮುಳುಗಿದ ಮೇಲೆ ಹುಟ್ಟುವುದರೊಳಗೆ ಹಾಕಿದರೆ 14 ವರ್ಷದವರೆಗೆ ಜೈಲು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಸಾಕ್ಷ್ಯ ಸಂಗ್ರಹಿಸಬೇಕು ಎಂದು ತನಿಖೆ, ವಿಚಾರಣೆಯ ಕ್ರಮ ತಿಳಿಸುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಹೇಳುತ್ತದೆ. ರಾಜ್ಯಗಳು ಐದು ವರ್ಷದೊಳಗೆ ಇದನ್ನು ಪೂರ್ತಿ ಜಾರಿಗೆ ತರಬೇಕು. ಬೇರೆ ಠಾಣೆಯ ವ್ಯಾಪ್ತಿ ಎಂದು ದೂರನ್ನು ವಾಪಸ್ ಕಳಿಸುವ ಹಾಗಿಲ್ಲ. ಇಂಟರ್ನೆಟ್ ಮೂಲಕ ಮಾಹಿತಿ ಕೊಟ್ಟರೆ ಮೂರು ದಿನದೊಳಗೆ ಹೋಗಿ ಸಹಿ ಮಾಡಬೇಕು. ಎಫ್‌ಐಆರ್ ಪ್ರತಿ ಉಚಿತ, ಕೇಳಿ ಪಡೆಯಿರಿ. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ನಿಮಗೆ ತಿಳಿಸಬೇಕಾದ್ದೂ ಈಗ ಪೊಲೀಸರ ಹೊಣೆ.

ಈ ಹೊತ್ತಿನಲ್ಲೇ ಮನೆಯೊಳಗೆ ಒಂದು ಅನ್ಯಾಯ ನಡೆದುಹೋಗುತ್ತದೆ. ಮೊದಲ ಬೆರಳು ಮನೆಗೆಲಸದ ಹೆಂಗಸಿನ ಕಡೆ ತಿರುಗುತ್ತದೆ. ಹತ್ತು ವರ್ಷ ಪಾತ್ರೆ ತೊಳೆದವರನ್ನು ಒಂದು ಬೆಳಗ್ಗೆ ಠಾಣೆಗೆ ಕರೆಸುತ್ತೇವೆ. ಆಮೇಲೆ ಕಳ್ಳ ಬೇರೆಯವನೆಂದು ಗೊತ್ತಾದರೂ ಅವರಿಗೆ ಆ ಬೀದಿಯಲ್ಲಿ ಮತ್ತೆ ಕೆಲಸ ಸಿಗುವುದಿಲ್ಲ. ಪೊಲೀಸರು ಯಾರೆಲ್ಲ ಮನೆಗೆ ಬರುತ್ತಾರೆ ಎಂದು ಕೇಳಿದರೆ ಇದ್ದದ್ದನ್ನು ಹೇಳಿ. ಮನೆಗೆ ಬಣ್ಣ ಹೊಡೆದವರು, ಇಂಟೀರಿಯರ್ ಕೆಲಸದವರು, ಬೀರುವಿನ ಬೀಗ ರಿಪೇರಿ ಮಾಡಿದವರು, ಕೀ ನಕಲು ಮಾಡಿಕೊಟ್ಟವರು, ನೆಂಟರು, ಎಲ್ಲರನ್ನೂ ಹೇಳಿ. ಅನುಮಾನವನ್ನು ಬಡವರ ಹೆಸರಿಗೆ ಮಾತ್ರ ಬರೆಸಬೇಡಿ.

ಹೋದ ಒಡವೆಯ ಪಟ್ಟಿ ಕೊಡುವಾಗ ಎಲ್ಲರೂ ತಡವರಿಸುತ್ತಾರೆ. ಎಷ್ಟು ಬಳೆ, ಎಷ್ಟು ಗ್ರಾಂ, ಯಾವ ಅಂಗಡಿ? ಮೊದಲ ದೂರಿನಲ್ಲಿ ಬಿಟ್ಟುಹೋದದ್ದನ್ನು ವಾರದ ನಂತರ ಸೇರಿಸಿದರೆ ಪೊಲೀಸರಿಗೂ ವಿಮೆಯವರಿಗೂ ಸಂಶಯ ಬರುತ್ತದೆ. ಹಾಗಾಗಿ ಈಗಲೇ, ಮನೆಯಲ್ಲಿ ಎಲ್ಲ ಇರುವಾಗಲೇ, ಪ್ರತಿ ಒಡವೆಯ ಫೋಟೊ ತೆಗೆದು ತೂಕ, ಬಿಲ್ ಜೊತೆ ಇಡಿ. 2023ರ ಏಪ್ರಿಲ್‌ನಿಂದ ಅಂಗಡಿಗಳಲ್ಲಿ ಮಾರುವ ಹಾಲ್‌ಮಾರ್ಕ್ ಒಡವೆಗಳ ಮೇಲೆ ಆರು ಅಕ್ಷರ–ಅಂಕಿಗಳ ಎಚ್‌ಯುಐಡಿ ಸಂಕೇತ ಇರಲೇಬೇಕು. ಒಂದೊಂದು ಒಡವೆಗೂ ಅದು ಬೇರೆ ಬೇರೆ. ಭೂತಗನ್ನಡಿಯಲ್ಲಿ ನೋಡಿ ಬರೆದುಕೊಳ್ಳಿ. ಅಜ್ಜಿಯ ಕಾಲದ ಒಡವೆಗೆ ಇದು ಇರುವುದಿಲ್ಲ. ಅದಕ್ಕೆ ಬೆಸುಗೆಯ ಗುರುತು, ಹರಳಿನ ಜಾಗ ಕಾಣುವ ಹಾಗೆ ಹತ್ತಿರದಿಂದ ಫೋಟೊ ತೆಗೆಯಿರಿ. ಈ ಎಲ್ಲದರ ಪ್ರತಿ ಮಗಳ ಹತ್ತಿರವೋ ಮಗನ ಹತ್ತಿರವೋ ಇರಲಿ, ಅದೇ ಬೀರುವಿನಲ್ಲಿ ಬೇಡ.

ಚಿನ್ನ ಕರಗಿಸುವ ಮೊದಲು ಸಿಕ್ಕರೆ ಈ ದಾಖಲೆಯೇ ಅದನ್ನು ಮನೆಗೆ ತರುತ್ತದೆ. ಸಿಕ್ಕ ಒಡವೆ ವರ್ಷಗಟ್ಟಲೆ ಕೋರ್ಟಿನಲ್ಲಿ ಕೊಳೆಯುತ್ತದೆ ಎಂಬ ಭಯ ಬಹಳ ಜನರಿಗಿದೆ. ಫೋಟೊ, ಪಂಚನಾಮೆ, ಬಾಂಡ್ ಪಡೆದು ಬೇಗ ಹಿಂದಿರುಗಿಸಬೇಕು ಎಂದು ಸುಪ್ರೀಂ ಕೋರ್ಟ್ 2002ರಲ್ಲೇ ಸುಂದರ್‌ಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಹೇಳಿತ್ತು. ಈಗಿನ ಸುರಕ್ಷಾ ಸಂಹಿತೆಯ 497ನೇ ಸೆಕ್ಷನ್‌ನಲ್ಲಿ ಗಡುವೇ ಇದೆ: ವಸ್ತು ಕೋರ್ಟಿನ ಮುಂದೆ ಬಂದ 14 ದಿನದಲ್ಲಿ ವಿವರಪಟ್ಟಿ, ಫೋಟೊ ಅಥವಾ ವಿಡಿಯೊ, ಅದಾದ 30 ದಿನದಲ್ಲಿ ಅದನ್ನು ಏನು ಮಾಡಬೇಕೆಂಬ ಆದೇಶ. ಪೊಲೀಸರು ಒಡವೆ ಸಿಕ್ಕಿದೆ ಎಂದು ತಿಳಿಸಿದ ಕೂಡಲೇ ಬಿಲ್, ಫೋಟೊ, ಎಫ್‌ಐಆರ್ ಪ್ರತಿ ಹಿಡಿದು ವಕೀಲರ ಮೂಲಕ ಮಧ್ಯಂತರ ವಶಕ್ಕೆ, ಅಂದರೆ ಕೇಸು ಮುಗಿಯುವ ಮೊದಲೇ ಒಡವೆಯನ್ನು ನಿಮ್ಮ ಕೈಗೆ ಕೊಡಲು, ಅರ್ಜಿ ಹಾಕಿ.